ಮುಂಗಡ ಸನ್ಮಾನ

ಜಡಿಗೇನಹಳ್ಳಿ
7 ಜುಲೈ 2025

ಅರ್ಪಿತಾಳಿಗೆ,

ನಿನ್ನ ನಂಬರನ್ನು ಬ್ಲಾಕ್ ಮಾಡಿದ್ದೇನೆ. ಇಷ್ಟು ಹೊತ್ತಿಗೆ ಅದು ನಿನಗೆ ಗೊತ್ತಾಗಿರಬೇಕು. ಫೋನಿನಲ್ಲಿ ನೀನು ಅಳಲು ಶುರು ಮಾಡಿದರೆ ನನ್ನ ಸಿಟ್ಟು ಅರ್ಧಕ್ಕೇ ನಿಂತುಬಿಡುತ್ತದೆ, ಪಿಯುಸಿ ಕಾಲದಿಂದಲೂ ಇದೇ ಕಥೆ. ಈ ಸಲ ನಾನು ಪೂರ್ತಿ ಸಿಟ್ಟು ಮಾಡಿಕೊಳ್ಳಬೇಕು ಅಂತಿದ್ದೇನೆ. ಅದಕ್ಕೇ ಕಾಗದ. ನಮ್ಮೂರಿಂದ ಹೊಸಕೋಟೆಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ, ಅಂಚೆಯಲ್ಲಿ ಮೂರು ದಿನವಾದರೂ ಆಗುತ್ತದೆ. ಆಗಲಿ. ಕಾಗದದ ಮೇಲೆ ಬರೆದದ್ದನ್ನು ನಿಮ್ಮ ಕಂಪನಿಯವರಿಗೆ ಅಳಿಸಿ ಬೇರೆ ಬರೆಯಲು ಬರುವುದಿಲ್ಲ.

ಇವತ್ತು ಬೆಳಿಗ್ಗೆ ಲಕ್ಕಮ್ಮ ಹಾಲು ಬತ್ತಿದ ತನ್ನ ಹಸುವನ್ನು ಮಾರಿಬಿಟ್ಟಳು. ಜನವರಿಯಲ್ಲಿ ಹೊಸಕೋಟೆಯ ಕಲ್ಯಾಣ ಮಂಟಪದಲ್ಲಿ ನಿಮ್ಮ ಗೋಗಂಟೆ ಕಂಪನಿಯ ಕಾರ್ಯಕ್ರಮಕ್ಕೆ ನಮ್ಮ ಹಾಲಿನ ಸಂಘದ ಹೆಂಗಸರನ್ನೆಲ್ಲ ಕರೆತಂದಿದ್ದೆನಲ್ಲ, ಮುಂದಿನ ಸಾಲಿನಲ್ಲಿ ಕೂತು ನಿನ್ನ ಮಾತಿಗೆಲ್ಲ ತಲೆಯಾಡಿಸುತ್ತಿದ್ದವಳು ಇವಳೇ. ಗಂಡ ಇಲ್ಲ, ಹೊಲ ಇಲ್ಲ, ಇದ್ದದ್ದು ಒಂದು ಸೀಮೆಹಸು. ಟೆಂಪೋ ಹತ್ತಲು ಹಸು ಒಪ್ಪಲಿಲ್ಲ. ಲಕ್ಕಮ್ಮ ತಾನೇ ಹಿಂದಿನಿಂದ ನೂಕಿದಳು. ನಾನು ಹಗ್ಗ ಹಿಡಿಯಲು ಹೋದೆ. "ನೀವು ಮುಟ್ಬೇಡಿ ಮೇಡಂ" ಅಂದಳು. ಇಷ್ಟು ವರ್ಷ ನಾನು ಅವಳಿಗೆ ಪ್ರಮೋದಮ್ಮಿ ಆಗಿದ್ದೆ.

ಆ ದಿನ ವೇದಿಕೆಯ ಮೇಲೆ ನಿಮ್ಮ ಕಂಪನಿಯ ಯಜಮಾನ ಅಮರ್ ಇಂಗ್ಲಿಷಿನಲ್ಲಿ ಹೇಳುತ್ತಿದ್ದ, ನೀನು ಪಕ್ಕದಲ್ಲಿ ಮೈಕು ಹಿಡಿದು ಕನ್ನಡದಲ್ಲಿ ಹೇಳುತ್ತಿದ್ದೆ. ಹಸುವಿನ ಕೊರಳಿಗೆ ಈ ಪಟ್ಟಿ ಕಟ್ಟಿ, ಹಸು ಬೆದೆಗೆ ಬಂದ ಕೂಡಲೇ ಫೋನಿನಲ್ಲಿರುವ ಹಸಿರು ದೀಪ ಕೆಂಪಾಗುತ್ತದೆ, ಇನ್ನು ಕೊಟ್ಟಿಗೆ ಮುಂದೆ ಕಾಯೋದು ಬೇಡ ಅಕ್ಕಂದಿರಾ ಅಂದೆ. ಅಕ್ಕಂದಿರಾ ಅನ್ನುವುದನ್ನು ಅವನು ಹೇಳಿರಲಿಲ್ಲ, ನೀನೇ ಸೇರಿಸಿದ್ದು. ಹೆಂಗಸರು ನಂಬಿದ್ದೂ ಅದನ್ನೇ.

ಬೆದೆ ಒಂದು ದಿನದ ಮಾತು. ಅಷ್ಟರೊಳಗೆ ಇಂಜೆಕ್ಷನ್ ಡಾಕ್ಟರನ್ನು ಕರೆಸದಿದ್ದರೆ ಮತ್ತೆ ಮೂರು ವಾರ ಕಾಯಬೇಕು. ಹಸು ಗಬ್ಬವಾಗದಿದ್ದರೆ ಕರು ಇಲ್ಲ, ಇದ್ದ ಹಾಲೂ ಬತ್ತುತ್ತದೆ. ಮಾರ್ಚಿನಲ್ಲಿ ಒಂದು ದಿನ ನಮ್ಮ ಹಸು ಬೆಳಗಿನಿಂದ ಅರಚುತ್ತಿತ್ತು. ಅತ್ತೆ ಮುತ್ಯಾಲಮ್ಮ ಬಂದು, "ಹಸ ಕೂಗ್ತಾ ಐತೆ ಕಣಮ್ಮ, ಡಾಕ್ಟ್ರಿಗೆ ಫೋನ್ ಮಾಡು" ಅಂದರು. ನಾನು ಫೋನ್ ತೆಗೆದು ನೋಡಿ, "ಹಸಿರೇ ಇದೆ ಅತ್ತೆ, ಹೊಟ್ಟೆಗೆ ಸಾಲ್ದೇನೋ, ಸ್ವಲ್ಪ ಹುಲ್ಲಾಕಿ" ಅಂದೆ. ಊರಲ್ಲಿ ಎಲ್ಲರ ಮನೆಯಲ್ಲೂ ಇದೇ ನಡೆಯಿತು. ಹಸು ಬಾಯಿಬಿಟ್ಟು ಹೇಳುತ್ತಿದ್ದರೂ ನಾವು ಫೋನ್ ನೋಡುತ್ತಾ ಕೂತೆವು. ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದರೆ, "ಹಸಿರಿದ್ರೆ ಏನೂ ಪ್ರಾಬ್ಲಂ ಇಲ್ಲ ಮೇಡಂ" ಅನ್ನುತ್ತಿದ್ದರು.

ಹೋದ ವಾರ ಪಟ್ಟಿಗಳ ಬ್ಯಾಟರಿ ಬದಲಿಸಲು ಬಂದ ನಿಮ್ಮವರು ಟೀ ಕುಡಿಯುತ್ತಾ ನಿಜ ಹೇಳಿದರು. ಕೆಂಪು ದೀಪ ಇನ್ನೂ ತಯಾರೇ ಆಗಿಲ್ಲವಂತೆ. ಮುಂದಿನ ಅಪ್‌ಡೇಟ್‌ನಲ್ಲಿ ಬರುತ್ತದಂತೆ. ಅಂದರೆ ಇಷ್ಟು ತಿಂಗಳು ಆ ದೀಪಕ್ಕೆ ಹಸಿರು ಬಿಟ್ಟು ಬೇರೆ ಬಣ್ಣವೇ ಇರಲಿಲ್ಲ. ಇದು ನಿನಗೆ ಜನವರಿಯಲ್ಲೇ ಗೊತ್ತಿತ್ತಾ? ಅದೊಂದು ಹೇಳು ಸಾಕು.

ಇಂತಿ,
ಪ್ರಮೋದಾ
ಕಾರ್ಯದರ್ಶಿ, ಮಹಿಳಾ ಹಾಲು ಉತ್ಪಾದಕರ ಸಂಘ
(ಹುದ್ದೆ ಇನ್ನೂ ಇದೆ. ಸಭೆ ಕರೆದರೆ ಬರುವವರಿಲ್ಲ.)


ಹೊಸಕೋಟೆ
16 ಜುಲೈ 2025

ಮಾನ್ಯರೇ,

ಗೋಗಂಟೆ ಕುಟುಂಬದ ಸದಸ್ಯರಾದ ತಮ್ಮ ಅನುಭವ ನಮಗೆ ಅಮೂಲ್ಯ. ಬೆದೆ ಸೂಚನೆ ಸೌಲಭ್ಯವನ್ನು ಹಂತ ಹಂತವಾಗಿ ಬಿಡುಗಡೆ ಮಾಡಲಾಗುತ್ತಿದ್ದು, ಶೀಘ್ರದಲ್ಲೇ ತಮ್ಮ ಭಾಗದಲ್ಲೂ ಲಭ್ಯವಾಗಲಿದೆ. ತಮ್ಮ ತಾಳ್ಮೆಗೆ ಮೆಚ್ಚುಗೆಯಾಗಿ ಹೊಸ ಮಾದರಿಯ ಕೊರಳಪಟ್ಟಿಯೊಂದನ್ನು ಉಚಿತವಾಗಿ ಕಳುಹಿಸಿಕೊಡುತ್ತಿದ್ದೇವೆ.

ಪ್ರಮಿ, ಮೇಲಿನದ್ದು ಆಫೀಸಿನಲ್ಲಿ ಟೈಪ್ ಮಾಡಿದ್ದು. ಕಂಪನಿಯ ಬಗ್ಗೆ ಬಂದ ಯಾವ ದೂರಿಗೂ ಹಾಗೇ ಉತ್ತರ ಕೊಡಬೇಕು ಅಂತ ನಿಯಮ. ಕೆಳಗಿನದ್ದನ್ನು ನಾನು ಕೈಯಲ್ಲಿ ಬರೆಯುತ್ತಿದ್ದೇನೆ. ಲಕ್ಕಮ್ಮನ ವಿಷಯ ಓದಿ ಊಟ ಸೇರಲಿಲ್ಲ. ಅವರು ಏನು ಹೇಳುತ್ತಾರೋ ಅದನ್ನು ಕನ್ನಡ ಮಾಡುವುದು ನನ್ನ ಕೆಲಸ ಕಣೇ. ನಿಜವೋ ಸುಳ್ಳೋ ಅಂತ ಕೇಳುವುದು ನನ್ನ ಕೆಲಸ ಅಲ್ಲ. ದಯವಿಟ್ಟು ನನ್ನ ನಂಬರನ್ನು ಬ್ಲಾಕಿನಿಂದ ತೆಗೆ. ಒಂದು ಸಲ ಮಾತಾಡೋಣ.

ನಿನ್ನ,
ಅರ್ಪಿ


ಜಡಿಗೇನಹಳ್ಳಿ
28 ಜುಲೈ 2025

ಅರ್ಪಿತಾಳಿಗೆ,

ಉಚಿತ ಪಟ್ಟಿ ತಲುಪಿತು. ಅತ್ತೆ ಅದನ್ನು ನಾಯಿಯ ಕೊರಳಿಗೆ ಕಟ್ಟಿದರು. ನಾಯಿಗೂ ಹಸಿರೇ ತೋರಿಸುತ್ತಿದೆ, ನಿಮ್ಮ ಕುಟುಂಬಕ್ಕೆ ಅದನ್ನೂ ಸೇರಿಸಿಕೊಳ್ಳಿ.

ನಾನು ಕೇಳಿದ ಒಂದೇ ಪ್ರಶ್ನೆಗೆ ನೀನು ಉತ್ತರ ಕೊಡಲಿಲ್ಲ. ಕೊಡದೇ ಇದ್ದದ್ದರಿಂದಲೇ ಉತ್ತರ ಗೊತ್ತಾಯಿತು.

ಲಕ್ಕಮ್ಮ ಈಗ ಹೊಸಕೋಟೆಯ ಕಾರ್ಖಾನೆಯೊಂದರಲ್ಲಿ ಕಸ ಗುಡಿಸಲು ಹೋಗುತ್ತಾಳೆ. ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಸಿಕ್ಕರೆ ಬೇರೆ ಕಡೆ ನೋಡುತ್ತಾಳೆ. ಡೇರಿಯಲ್ಲಿ ಹಾಲು ಅಳೆಯುವಾಗ ಹೆಂಗಸರು ಕ್ಯಾನು ಇಟ್ಟು ಸುಮ್ಮನೆ ನಿಲ್ಲುತ್ತಾರೆ, ಮೊದಲಿನ ಹಾಗೆ ಹರಟೆ ಇಲ್ಲ. ಅವರು ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ನನ್ನ ಮಾತಿಗೆ ಈ ಊರಿನಲ್ಲಿ ಒಂದು ತೂಕ ಇತ್ತು ಅರ್ಪಿತಾ. ಮದುವೆಯಾಗಿ ಬಂದು ಹನ್ನೊಂದು ವರ್ಷ ಕಷ್ಟಪಟ್ಟು ಸಂಪಾದಿಸಿದ್ದು. ಅದನ್ನು ಹೇಗಾದರೂ ಮಾಡಿ ವಾಪಸ್ ತರುತ್ತೇನೆ. ತರುವಾಗ ಯಾರ ಮೈಮೇಲೆ ಬೀಳುತ್ತದೋ ನೋಡುವುದಿಲ್ಲ.

ಪ್ರಮೋದಾ


ಹೊಸಕೋಟೆ
3 ಸೆಪ್ಟೆಂಬರ್ 2025

ಪ್ರಮಿ,

ಇದನ್ನು ಬರೆಯುವುದೋ ಬೇಡವೋ ಅಂತ ಒಂದು ವಾರ ಯೋಚಿಸಿದೆ. ನೀನು ಬೈಯುತ್ತೀಯ ಅಂತ ಗೊತ್ತಿದ್ದೂ ಬರೆಯುತ್ತಿದ್ದೇನೆ, ಯಾಕೆಂದರೆ ನಾನು ಬರೆಯದಿದ್ದರೆ ಆಫೀಸಿನಿಂದ ಬೇರೆ ಯಾರಾದರೂ ನಿಮ್ಮ ಮನೆ ಬಾಗಿಲಿಗೇ ಬರುತ್ತಾರೆ.

ಆಯುಧಪೂಜೆ ಕಳೆದ ಮೇಲೆ ಅಮರ್ ಸರ್ ಹೊಸದೊಂದನ್ನು ಘೋಷಣೆ ಮಾಡುತ್ತಾರಂತೆ. ಹಸು ಗಬ್ಬವಾಗಿದೆಯೋ ಇಲ್ಲವೋ ಅಂತ ಪಟ್ಟಿಯೇ ಹೇಳುತ್ತದಂತೆ. ಈ ಸಲ ಕಲ್ಯಾಣ ಮಂಟಪದಲ್ಲಿ ಬೇಡ, ಹಳ್ಳಿಯಲ್ಲೇ ಮಾಡೋಣ, ಫೋಟೋ ಚೆನ್ನಾಗಿ ಬರುತ್ತದೆ ಅಂದರು. ಬಂಡವಾಳ ಹಾಕುವವರಿಗೆ ಆ ಫೋಟೋ ತೋರಿಸಬೇಕಂತೆ. ಜಡಿಗೇನಹಳ್ಳಿ ಅಂತ ಅವರೇ ಆರಿಸಿದರು. ಅಲ್ಲಿ ಜನಕ್ಕೆ ಬೇಜಾರಿದೆ ಸರ್, ಬೆದೆಯದ್ದೇ ಇನ್ನೂ ಬಂದಿಲ್ಲ ಅಂದೆ. "ನಾವು ಮೊದಲು ಹೇಳದಿದ್ದರೆ ಬೇರೆ ಕಂಪನಿಯವರು ಹೇಳಿಬಿಡುತ್ತಾರೆ. ಹೇಳಿದ ಮೇಲೆ ಮಾಡುವುದು ಇದ್ದೇ ಇದೆ" ಅಂದರು. ಮೀಟಿಂಗಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಏನು ಮಾಡಲಿ.

ನೀನು ವೇದಿಕೆ ಮೇಲೆ ನಿಂತು ಸಂಘದ ಪರವಾಗಿ ಎರಡು ಒಳ್ಳೆಯ ಮಾತಾಡಬೇಕಂತೆ. ಆಗಲ್ಲ ಅಂತ ಒಂದು ಸಾಲು ಬರೆದುಬಿಡು, ನಾನು ಏನಾದರೂ ನೆಪ ಹೇಳಿ ತಪ್ಪಿಸುತ್ತೇನೆ.

ಅರ್ಪಿ


ಜಡಿಗೇನಹಳ್ಳಿ
10 ಸೆಪ್ಟೆಂಬರ್ 2025

ಪ್ರೀತಿಯ ಅರ್ಪಿ,

ಆಗಲ್ಲ ಅಂತ ಯಾಕೆ ಬರೆಯಲಿ? ದೊಡ್ಡ ಮನುಷ್ಯರು ನಮ್ಮೂರಿಗೆ ಬರುತ್ತೇವೆ ಅಂದರೆ ಬೇಡ ಅನ್ನುವ ಪದ್ಧತಿ ನಮ್ಮಲ್ಲಿಲ್ಲ. ಧಾರಾಳವಾಗಿ ಬರಲಿ. ನಾನು ಮಾತಾಡುತ್ತೇನೆ. ಬರೀ ಮಾತು ಯಾಕೆ, ಸಂಘದಿಂದ ಅವರಿಗೆ ಸನ್ಮಾನವನ್ನೇ ಮಾಡುತ್ತೇವೆ. ಮೈಸೂರು ಪೇಟ, ಶಾಲು, ಏಲಕ್ಕಿ ಹಾರ, ಹಣ್ಣಿನ ಬುಟ್ಟಿ. ಊರ ಸರ್ಕಲ್ಲಿನಲ್ಲಿ ಒಂದು ದೊಡ್ಡ ಫ್ಲೆಕ್ಸ್. ಸರ್ ನಗುತ್ತಿರುವ ಫೋಟೋ ಒಂದು ಕಳಿಸು, ದೊಡ್ಡದಾಗಿ ಹಾಕಿದರೂ ಮುಖ ಒಡೆಯಬಾರದು.

ಸಂಘದ ಹೆಂಗಸರನ್ನು ಒಪ್ಪಿಸಲು ಮನೆಮನೆಗೆ ಹೋಗಿದ್ದೆ. ಮೊದಲು ಯಾರೂ ಕೂರು ಅನ್ನಲಿಲ್ಲ. ವಿಷಯ ಹೇಳಿದ ಮೇಲೆ ಕಾಫಿ ಕೊಟ್ಟರು.

ಒಂದು ಮಾತು. ನೀನು ಮಾತ್ರ ಆ ದಿನ ಬರಬೇಡ. ಜನವರಿಯಲ್ಲಿ ಮೈಕು ಹಿಡಿದಿದ್ದವಳು ನೀನು, ನಿನ್ನ ಮುಖ ನೋಡಿದರೆ ಹೆಂಗಸರು ಸುಮ್ಮನಿರುವುದಿಲ್ಲ. ನೀನು ಆಫೀಸಿನಲ್ಲೇ ಇರು. ಕನ್ನಡ ಮಾಡಲು ನಾವಿದ್ದೇವೆ.

ನಿನ್ನ,
ಪ್ರಮಿ


ಹೊಸಕೋಟೆ
19 ಸೆಪ್ಟೆಂಬರ್ 2025

ಪ್ರಮಿ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. "ಪ್ರೀತಿಯ" ಅಂತ ಬರೆದಿದ್ದೀಯಲ್ಲ, ಅಲ್ಲೇ ಅತ್ತುಬಿಟ್ಟೆ. ನೀನು ಇಷ್ಟು ದೊಡ್ಡ ಮನಸ್ಸು ಮಾಡುತ್ತೀಯ ಅಂದುಕೊಂಡಿರಲಿಲ್ಲ. ಅಮರ್ ಸರ್‌ಗಂತೂ ಖುಷಿಯೋ ಖುಷಿ. ಪೇಟ ಅಂದರೆ ಯಾವ ಬಣ್ಣದ್ದು ಅಂತ ಕೇಳಿದರು.

ಫೋಟೋ ಇದರೊಂದಿಗೆ ಪೆನ್‌ಡ್ರೈವಿನಲ್ಲಿದೆ. ನಾನು ಬರುವುದಿಲ್ಲ, ಒಪ್ಪಿಸಿದ್ದೇನೆ. ಅಲ್ಲಿಂದ ಸರ್ ಕಳಿಸುವ ಫೋಟೋಗಳನ್ನು ಆಗಿಂದಾಗ ಕಂಪನಿಯ ಪೇಜಿಗೆ ಹಾಕುವುದಕ್ಕೆ ಆಫೀಸಿನಲ್ಲಿ ಒಬ್ಬರು ಇರಲೇಬೇಕಿತ್ತು. ಸರ್‌ಗೆ ಕನ್ನಡದಲ್ಲಿ ಒಂದೆರಡು ಮಾತು ಕಲಿಸುತ್ತಿದ್ದೇನೆ. "ನಮಸ್ಕಾರ" ಬಂತು. "ಖಂಡಿತ" ಬಂತು. ಜನ ಏನು ಕೇಳಿದರೂ ಖಂಡಿತ ಅನ್ನಿ ಸರ್, ಇಷ್ಟಪಡುತ್ತಾರೆ ಅಂದಿದ್ದೇನೆ.

ಫ್ಲೆಕ್ಸ್ ಮೇಲೆ ಏನು ಬರೆಸುತ್ತೀಯ ಅಂತ ಹೇಳಲೇ ಇಲ್ಲ.

ಅರ್ಪಿ


ಜಡಿಗೇನಹಳ್ಳಿ
13 ಅಕ್ಟೋಬರ್ 2025

ಅರ್ಪಿತಾ,

ನೀನು ನೋಡಿದ್ದು ಬರೀ ಫೋಟೋ. ನಡೆದದ್ದು ಪೂರ್ತಿ ಕೇಳು. ಬರೆಯುತ್ತಿರುವಾಗಲೂ ನಗು ತಡೆಯಲು ಆಗುತ್ತಿಲ್ಲ, ಅಕ್ಷರ ಸೊಟ್ಟಗಾಗಿದ್ದರೆ ಅದಕ್ಕೇ.

ನಮ್ಮೂರ ಕಡೆ ಒಂದು ಪದ್ಧತಿ ಇದೆ. ಕೊಡುತ್ತೇನೆ ಅಂತ ಆಸೆ ತೋರಿಸಿ ಕೈಕೊಡುವ ದೊಡ್ಡ ಮನುಷ್ಯರನ್ನು ಯಾರೂ ಬೈಯುವುದಿಲ್ಲ. ಕರೆಸಿ, ಕೊಟ್ಟೇಬಿಟ್ಟರು ಅನ್ನುವ ಹಾಗೆ ಊರೆದುರು ಹಾರ ಹಾಕಿ ಸನ್ಮಾನ ಮಾಡುತ್ತಾರೆ. ನಮ್ಮ ಮಾವನವರ ಕಾಲದಲ್ಲಿ ಶಾಲೆಯ ಕಾಂಪೌಂಡು ಎದ್ದದ್ದು ಹಾಗೆ. ಶಾಲು ಹೊದ್ದ ಮೇಲೆ ಇಲ್ಲ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. ನಿಮ್ಮ ಅಮರ್‌ಗೂ ಅದನ್ನೇ ಮಾಡಿದೆವು. ಅವನ ಪದ್ಧತಿಯೂ ಅದೇ ಅಲ್ಲವೇ, ಮೊದಲು ಘೋಷಣೆ, ಆಮೇಲೆ ಮಾಡುವುದು. ನಾವು ಅವನ ಪರವಾಗಿ ಘೋಷಣೆ ಮಾಡಿಕೊಟ್ಟೆವು.

ಫ್ಲೆಕ್ಸ್ ಮೇಲೆ ಇದ್ದದ್ದು ಇಷ್ಟು: "ಬೆದೆ ತಪ್ಪಿದ ಪ್ರತಿಯೊಂದು ಹಸುವಿನ ಬದಲಿಗೆ ಒಂದೊಂದು ಗಬ್ಬದ ಹಸು ನೀಡುತ್ತಿರುವ ಮಹಾದಾನಿ, ಗೋಗಂಟೆ ಸಂಸ್ಥಾಪಕ ಶ್ರೀ ಅಮರ್ ಅವರಿಗೆ ಸುಸ್ವಾಗತ. ಶೀಘ್ರದಲ್ಲೇ ನಿಮ್ಮ ಕೊಟ್ಟಿಗೆಗೆ." ಕೊನೆಯ ಸಾಲನ್ನು ನಿಮ್ಮ ಜಾಹೀರಾತಿನಿಂದಲೇ ತೆಗೆದುಕೊಂಡೆ.

ಕಾರಿನಿಂದ ಇಳಿದ. ತನ್ನ ಮುಖ ಆಳೆತ್ತರಕ್ಕೆ ನಿಂತಿರುವುದನ್ನು ನೋಡಿ ಹಿಗ್ಗಿದ. ಅವನ ಜೊತೆ ಬಂದಿದ್ದ ಇಬ್ಬರಿಗೂ ಕನ್ನಡ ಓದಲು ಬರುತ್ತಿರಲಿಲ್ಲ. ಓದಿದವನು ಡ್ರೈವರ್ ಒಬ್ಬನೇ. ಸೂಲಿಬೆಲೆಯವನಂತೆ. ಓದಿ ನನ್ನ ಕಡೆ ನೋಡಿದ. ಇವನು ಹೇಳಿಬಿಟ್ಟರೆ ಎಲ್ಲ ಮುಗಿಯಿತು ಅಂದುಕೊಂಡೆ. ಅವನು ಹತ್ತಿರ ಬಂದು ಮೆಲ್ಲಗೆ, "ನಮ್ಮನೇಲೂ ಒಂದು ಹಸ ಹಿಂಗೇ ಹೋಯ್ತಕ್ಕ" ಅಂದು ಕಾರಿಗೆ ಒರಗಿಕೊಂಡು ನಿಂತುಬಿಟ್ಟ. ಅಮರ್ ಫ್ಲೆಕ್ಸ್ ಕೆಳಗೆ ನಿಂತು, ಹೆಬ್ಬೆರಳು ಎತ್ತಿ, ಸೆಲ್ಫಿ ತೆಗೆದುಕೊಂಡ. ತೆಗೆದುಕೊಂಡು ಅಲ್ಲಿಂದಲೇ ನಿನಗೆ ಕಳಿಸಿದ.

ವೇದಿಕೆಯಲ್ಲಿ ಅತ್ತೆ ಪೇಟ ತೊಡಿಸಿದರು. ಮೈಕು ಅವರ ಕೈಯಲ್ಲೇ ಇತ್ತು. "ಏನಪ್ಪಾ, ಎಲ್ರಿಗೂ ಗಬ್ಬದ ಹಸ ಕೊಡ್ಸ್ತೀಯಾ?" ಅಂತ ಕೇಳಿದರು.

"ಖಂಡಿತ" ಅಂದ.

"ಲಕ್ಕಮ್ಮುಂಗೆ ಮೊದ್ಲು ಕೊಡ್ಸ್ತೀಯಾ?"

"ಖಂಡಿತ, ಖಂಡಿತ."

ಎಷ್ಟು ಚೆನ್ನಾಗಿ ಕಲಿಸಿದ್ದೀಯೇ. ಮಹಾಪ್ರಾಣ ಕೂಡ ತಪ್ಪಲಿಲ್ಲ. ಹೆಂಗಸರು ಕೈ ನೋಯುವಷ್ಟು ಚಪ್ಪಾಳೆ ತಟ್ಟಿದರು. ಊರಿನ ಅರ್ಧ ಜನ ಅದನ್ನು ಫೋನಿನಲ್ಲಿ ಹಿಡಿದುಕೊಂಡಿದ್ದಾರೆ. ಅವನು ಆಮೇಲೆ ಗಬ್ಬದ ಸೂಚನೆ ಅಂತ ಏನೇನೋ ಇಂಗ್ಲಿಷಿನಲ್ಲಿ ಹೇಳಿದ. ನಾನು ಮೈಕು ತೆಗೆದುಕೊಂಡು, "ಹಸುಗಳು ಈ ತಿಂಗಳೇ ಬರ್ತವೆ ಅಂತಾವ್ರೆ ಸಾರು" ಅಂತ ಕನ್ನಡ ಮಾಡಿದೆ. ಆ ಕೆಲಸ ಎಷ್ಟು ಸುಲಭ ಅಂತ ಆಗ ಗೊತ್ತಾಯಿತು.

ಮಧ್ಯಾಹ್ನದೊಳಗೆ ಆ ಫೋಟೋ ನಿಮ್ಮ ಕಂಪನಿಯ ಪೇಜಿನಲ್ಲಿತ್ತು. ಸಂಜೆಯೊಳಗೆ ನಂದಗುಡಿಯಿಂದ, ಅನುಗೊಂಡನಹಳ್ಳಿಯಿಂದ ಜನ ಫೋನ್ ಮಾಡಿ, ನಮ್ಗೂ ಹಸ ಐತಾ ಅಂತ ಕೇಳಲು ಶುರು ಮಾಡಿದರು. ಎಲ್ಲರಿಗೂ ನಿಮ್ಮ ಸಹಾಯವಾಣಿಯ ನಂಬರು ಕೊಟ್ಟೆ. ಇಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಪ್ರಮೋದಾ


ಹೊಸಕೋಟೆ
27 ಅಕ್ಟೋಬರ್ 2025

ಪ್ರಮೋದಾ,

ನೀನು ಒಂದು ವಿಷಯ ಬರೆಯಲಿಲ್ಲ. ಗೊತ್ತಿದ್ದೂ ಬಿಟ್ಟೆಯೋ, ಮರೆತೆಯೋ ತಿಳಿಯದು.

ಆ ಫೋಟೋ ಮೊದಲು ಬಂದದ್ದು ನನಗೆ. "ತಕ್ಷಣ ಹಾಕು" ಅಂತ ಅದರ ಕೆಳಗೆ ಬರೆದಿದ್ದರು. ನನಗೆ ಕನ್ನಡ ಓದಲು ಬರುತ್ತದೆ ಪ್ರಮೋದಾ. ಓದಿದೆ. ಕಾರ್ಯಕ್ರಮ ಇನ್ನೂ ಶುರುವಾಗಿರಲಿಲ್ಲ. ಒಂದು ಫೋನ್ ಮಾಡಿದ್ದರೆ ಅವರು ಪೇಟ ತೊಡದೆ ಕಾರು ಹತ್ತುತ್ತಿದ್ದರು, ನಿಮ್ಮ ಆಟ ಅಲ್ಲಿಗೇ ಮುಗಿಯುತ್ತಿತ್ತು. ಫೋನ್ ಕೈಯಲ್ಲೇ ಇತ್ತು.

ನಾನು ಫೋಟೋ ಹಾಕಿದೆ.

ಹಾಕಿದ ಮೇಲೆ ನಿನ್ನ ಯೋಚನೆ ಅರ್ಥವಾಯಿತು. ಹೆಂಗಸರು ಸುಮ್ಮನಿರುವುದಿಲ್ಲ ಅಂತ ನೀನು ಹೇಳಿದ್ದು ನೆಪ. ನಾನು ಅಲ್ಲಿಗೆ ಬಂದರೆ ಅವರಿಗೆ ಓದಿ ಹೇಳಿಬಿಡುತ್ತೇನೆ ಅಂತ ನಿನಗೆ ಭಯ ಇತ್ತು, ಅದು ಒಂದು. ಇನ್ನೊಂದು, ಆಫೀಸಿನಲ್ಲಿದ್ದರೆ ಆ ಫೋಟೋ ನನ್ನ ಕೈಗೇ ಬರುತ್ತದೆ ಅಂತ ನಿನಗೆ ಗೊತ್ತಿತ್ತು. ನಾನೇ ಬರೆದು ತಿಳಿಸಿದ್ದೆನಲ್ಲ. ತಡೆದಿದ್ದರೆ ಜನ್ಮಪೂರ್ತಿ ನಿನ್ನ ಶತ್ರು. ಹಾಕಿದ್ದರಿಂದ ಕೆಲಸ ಹೋಯಿತು. ಸೋಮವಾರ ಬೆಳಿಗ್ಗೆ ಹೋದರೆ ನನ್ನ ಕಾರ್ಡಿಗೆ ಬಾಗಿಲೇ ತೆರೆಯಲಿಲ್ಲ. ಸೆಕ್ಯುರಿಟಿಯವರು ನನ್ನ ನೀರಿನ ಬಾಟಲಿ, ಚಪ್ಪಲಿ ಹೊರಗೆ ತಂದುಕೊಟ್ಟರು.

ನನ್ನನ್ನೂ ನೀನು ಬಿಡಲಿಲ್ಲ.

ಅರ್ಪಿತಾ


ಜಡಿಗೇನಹಳ್ಳಿ
5 ಡಿಸೆಂಬರ್ 2025

ಅರ್ಪಿ,

ಹೌದು. ಬಿಡಲಿಲ್ಲ.

ಫೋಟೋ ನಿನ್ನ ಕೈಗೆ ಬರುತ್ತದೆ ಅಂತ ಗೊತ್ತಾದಾಗಲೇ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದೆ. ನೀನು ತಡೆಯುತ್ತೀಯ ಅಂತಲೇ ಅಂದುಕೊಂಡಿದ್ದೆ. ತಡೆದಿದ್ದರೂ ನನಗೆ ನಷ್ಟವಿರಲಿಲ್ಲ, ನಿನ್ನನ್ನು ಪೂರ್ತಿಯಾಗಿ ಬಿಟ್ಟುಬಿಡಲು ಕಾರಣ ಸಿಗುತ್ತಿತ್ತು. ನಿಜ ಹೇಳಬೇಕೆಂದರೆ ಅದಕ್ಕೇ ಕಾಯುತ್ತಿದ್ದೆ. ಮಧ್ಯಾಹ್ನ ನಿಮ್ಮ ಪೇಜಿನಲ್ಲಿ ಆ ಫೋಟೋ ನೋಡಿದಾಗ, ನೀನು ಓದದೇ ಹಾಕಿದೆಯೇನೋ ಅಂದುಕೊಂಡೆ. ಓದಿಯೇ ಹಾಕಿದ್ದು ಅಂತ ನಿನ್ನ ಕಾಗದ ಬರುವವರೆಗೂ ಗೊತ್ತಿರಲಿಲ್ಲ. ಅದಾದ ಮೇಲೆ ಉತ್ತರ ಬರೆಯಲು ಇಷ್ಟು ದಿನ ಹಿಡಿಯಿತು.

ಇಲ್ಲಿನ ಸುದ್ದಿ ಹೇಳುತ್ತೇನೆ. ಅಮರ್ ಮೊದಲು ಫೋಟೋ ಅಳಿಸಿದ. ಜನರ ಫೋನಿನಲ್ಲಿದ್ದದ್ದನ್ನು ಅಳಿಸಲಾಗಲಿಲ್ಲ. ಆಮೇಲೆ ವಕೀಲರನ್ನು ಕಳಿಸಿದ. ಅತ್ತೆ ಆ ವಕೀಲರಿಗೂ ಶಾಲು ಹೊದಿಸಿದರು. ಅಷ್ಟರಲ್ಲಿ ಬಂಡವಾಳ ಹಾಕುವವರು ಆ ವಿಡಿಯೋ ನೋಡಿ, ರೈತರ ಮೇಲೆ ಇಷ್ಟು ಕಾಳಜಿ ಇರುವ ಕಂಪನಿ ಅಂತ ಹೊಗಳಿಬಿಟ್ಟರಂತೆ. ಆಗ ಅವನಿಗೆ ಬೇರೆ ದಾರಿ ಉಳಿಯಲಿಲ್ಲ. ಹೋದ ವಾರ ಲಾರಿಯಲ್ಲಿ ನಾಲ್ಕು ಹಸುಗಳು ಬಂದವು. ಉಳಿದವು ಮುಂದಿನ ಹಂತದಲ್ಲಿ ಅಂತ ಹೇಳಿ ಕಳಿಸಿದ್ದಾನೆ. ಅಲ್ಲಿಯವರೆಗೆ ಫ್ಲೆಕ್ಸ್ ಇಳಿಸುವುದಿಲ್ಲ ಅಂತ ನಾವೂ ಹೇಳಿ ಕಳಿಸಿದ್ದೇವೆ. ಬಿಸಿಲಿಗೆ ಅವನ ಮುಖ ಈಗಲೇ ಬಿಳಿಚಿಕೊಂಡಿದೆ. ಹರಿದರೆ ಹೊಸದು ಹಾಕಿಸುತ್ತೇವೆ.

ಲಕ್ಕಮ್ಮನಿಗೆ ಬಂದದ್ದು ತುಂಬು ಗಬ್ಬದ ಹಸು, ಸಂಕ್ರಾಂತಿಯ ಆಸುಪಾಸಿಗೆ ಈಯುತ್ತದೆ ಅಂದರು ಡಾಕ್ಟರು. ಅವಳು ಕಾರ್ಖಾನೆ ಬಿಟ್ಟಳು. ಹಸು ಇಳಿದ ದಿನ ನಾನು ದೂರದಲ್ಲೇ ನಿಂತಿದ್ದೆ. "ಪ್ರಮೋದಮ್ಮಿ, ಹಗ್ಗ ಹಿಡ್ಕೊ ಬಾರೆ" ಅಂತ ಕೂಗಿದಳು. ಹೋಗಿ ಹಿಡಿದುಕೊಂಡೆ. ಕಣ್ಣೀರು ಬಂತು, ಯಾರಿಗೂ ಕಾಣದಿರಲಿ ಅಂತ ಹಸುವಿನ ಬಾಲದ ಕಡೆ ಮುಖ ತಿರುಗಿಸಿ ನಿಂತೆ. ಯಾರು ಈ ಹಸುಗಳನ್ನು ತರಿಸಿದ್ದು ಅಂತ ಹೆಂಗಸರು ಕೇಳಿದಾಗಲೆಲ್ಲ ನಾನು ಎದೆಯುಬ್ಬಿಸಿ ನಾನೇ ಅನ್ನುತ್ತಿದ್ದೆ. ನಿನ್ನ ಕಾಗದ ಬಂದ ಮೇಲೆ ಹಾಗೆ ಹೇಳಲು ಬಾಯಿ ಬರುತ್ತಿಲ್ಲ. ಮೊನ್ನೆಯ ಸಭೆಯಲ್ಲಿ ನಿನ್ನ ಹೆಸರು ಹೇಳಿದೆ. ಜನವರಿಯಲ್ಲಿ ಮೈಕು ಹಿಡಿದಿದ್ದವಳೇ ಅಕ್ಟೋಬರಿನಲ್ಲಿ ಫೋಟೋ ಹಾಕಿದವಳು ಅಂತ. ಆಮೇಲೆ ಲಕ್ಕಮ್ಮ, "ಆ ಹುಡ್ಗಿಗೆ ಈಗ ಕೆಲ್ಸ ಐತಾ?" ಅಂತ ಕೇಳಿದಳು. ಇಲ್ಲ ಅಂದೆ.

ನಿನ್ನ ನಂಬರನ್ನು ಬ್ಲಾಕಿನಿಂದ ತೆಗೆದಿದ್ದೇನೆ. ಆದರೆ ಈಗಲೇ ಫೋನ್ ಮಾಡಬೇಡ. ಅಕ್ಕಂದಿರಾ ಅಂದ ನಿನ್ನ ದನಿ ಕಿವಿಯಲ್ಲಿ ಇನ್ನೂ ಹಾಗೇ ಇದೆ, ಕೇಳಿದರೆ ಬೈದುಬಿಡುತ್ತೇನೆ. ನನ್ನ ಸಿಟ್ಟು ಇಳಿಯುತ್ತಿದೆ, ಪೂರ್ತಿ ಇಳಿದಿಲ್ಲ. ಕ್ಷಮಿಸಿದ್ದೇನೆ ಅಂತ ಇವತ್ತು ಬರೆದು ಈ ಕಾಗದ ಮುಗಿಸಬಹುದಿತ್ತು, ನೀನು ಓದಿ ಅತ್ತು ಹಗುರವಾಗುತ್ತಿದ್ದೆ. ಆದರೆ ಅದು ಇನ್ನೂ ಆಗಿಲ್ಲ ಅರ್ಪಿ. ಆಗದೆ ಹೇಳುವುದಿಲ್ಲ.

ಪ್ರಮಿ